ಅರಿಸಿನವಿಲ್ಲದ ಕವರು

ಹಳ್ಳಿಯ ಹೆಸರನ್ನು ನಾನು ಹೇಳುವುದಿಲ್ಲ. ತಿ. ನರಸೀಪುರದಿಂದ ನಾಲ್ಕು ಮೈಲಿ, ಅಷ್ಟು ತಿಳಿದರೆ ಸಾಕು. ಇಲ್ಲಿ ಬರುವ ಹೆಂಗಸರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಇನ್ನೊಬ್ಬರ ವಿಷಯವನ್ನು ಒಂದು ಸಲ ಬಯಲಿಗೆ ಎಳೆದಿದ್ದೇನೆ, ಎರಡನೇ ಸಲ ಆ ಪಾಪ ನನಗೆ ಬೇಡ. ನನ್ನ ಹೆಸರು ಬೇಕಾದರೆ ಬರೆದುಕೊಳ್ಳಿ, ಸುನೀತಾ. ಎರಡು ಸಾವಿರದ ಆರರಲ್ಲಿ ನಂಜನಗೂಡಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡಿ ಕವರಿಗೆ ಹಾಕುತ್ತಿದ್ದವಳು ನಾನು. ಆ ಲ್ಯಾಬು ಈಗಿಲ್ಲ, ಆ ಮಳಿಗೆಯಲ್ಲಿ ಚಪ್ಪಲಿ ಅಂಗಡಿ ಇದೆ.

ಲ್ಯಾಬಿನ ಯಜಮಾನರು ಅಮೃತೇಶ್. ನರಸೀಪುರದ ಕಡೆಯ ಮೂರು ನಾಲ್ಕು ಡಾಕ್ಟರುಗಳು ನಮಗೆ ರಕ್ತ ಕಳಿಸುತ್ತಿದ್ದರು. ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ಐಸು ತುಂಬಿದ ಫ್ಲಾಸ್ಕು ಬರುತ್ತಿತ್ತು. ಸಂಜೆ ಅದೇ ಬಸ್ಸಿನ ಕಂಡಕ್ಟರ್ ಕೈಗೆ ರಿಪೋರ್ಟಿನ ಕವರುಗಳನ್ನು ಕಟ್ಟಿ ಕೊಡುತ್ತಿದ್ದೆ. ಅವನು ನರಸೀಪುರ ಬಸ್‌ಸ್ಟ್ಯಾಂಡಿನ ಪಕ್ಕ ಬೆಟ್ಟಸ್ವಾಮಿಯ ಟೀ ಅಂಗಡಿಗೆ ಇಳಿಸುತ್ತಿದ್ದ. ಬೆಟ್ಟಸ್ವಾಮಿ ಅವನ್ನು ಗೋಡೆಗೆ ಕಟ್ಟಿದ ದಾರಕ್ಕೆ ಸಾಲಾಗಿ ಸಿಕ್ಕಿಸಿಡುತ್ತಿದ್ದ. ಮಾರನೆಯ ದಿನ ಅವರವರು ಬಂದು ಹೆಸರು ಹೇಳಿ ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲಾ ಲ್ಯಾಬಿನವರೂ ಹೀಗೇ ಮಾಡುತ್ತಿದ್ದರು, ನಾವೇನು ಬೇರೆಯಲ್ಲ.

ಬೇರೆ ಮಾಡಿದ್ದು ಒಂದೇ ಒಂದು. ಅದನ್ನು ಮಾಡಿದವಳು ನಾನು.

ತಗಡೂರಿನಿಂದ ಮಲ್ಲಾಜಮ್ಮ ಅಂತ ಒಬ್ಬರು ವಯಸ್ಸಾದವರು ಬರುತ್ತಿದ್ದರು. ಒಂದು ದಿನ ಕವರು ಇಸಿದುಕೊಂಡು ಲ್ಯಾಬಿನ ಬೆಂಚಿನ ಮೇಲೆ ಕೂತವರು ಎರಡು ಗಂಟೆ ಕಳೆದರೂ ಬಿಚ್ಚಲಿಲ್ಲ. ಕೊನೆಗೆ ನಾನೇ ಹೋಗಿ ಬಿಚ್ಚಿದೆ. ಕಾಯಿಲೆ ಏನೂ ಇರಲಿಲ್ಲ, ಎಲ್ಲಾ ಸರಿಯಾಗಿತ್ತು. ಆ ಮುದುಕಿ ನನ್ನ ಕೈ ಹಿಡಿದು ಅತ್ತದ್ದು ನೋಡಿ ನನಗೆ ಸಂಕಟವಾಯಿತು. ಒಳ್ಳೆಯ ಸುದ್ದಿ ತರುವ ಕಾಗದ ನಮ್ಮ ಕಡೆ ಬೋಳಾಗಿ ಬರುತ್ತದೆಯೇ? ಲಗ್ನಪತ್ರಿಕೆಗೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿಯೇ ಕೊಡುವುದು. ಮಾರನೆಯ ದಿನ ಮನೆಯಿಂದ ಭರಣಿಯಲ್ಲಿ ಅರಿಸಿನ ತಂದೆ. ಏನೂ ಕಾಯಿಲೆ ಇಲ್ಲದ ರಿಪೋರ್ಟುಗಳ ಕವರಿಗೆ ನಾಲ್ಕು ಮೂಲೆಗೂ ಹಚ್ಚಿದೆ. ನೋಡಿದ ತಕ್ಷಣ ಜೀವಕ್ಕೆ ಸಮಾಧಾನವಾಗಲಿ ಅಂತ.

ಅಮೃತೇಶ್ ನೋಡಿ ನಕ್ಕರು. "ಚೆನ್ನಾಗಿದೆ ಕಣಮ್ಮ. ಮಿಕ್ಕ ಲ್ಯಾಬಿನವರಿಗೆ ಈ ಬುದ್ಧಿ ಬರಲಿಲ್ಲ ನೋಡು" ಎಂದರು. ಜನಕ್ಕೂ ಹಿಡಿಸಿತು. ಎರಡು ವರ್ಷ ಹಚ್ಚಿದೆ.

ಅರಿಸಿನ ಇರುವ ಕವರು ಏನು ಹೇಳುತ್ತದೆ ಅನ್ನುವುದನ್ನು ಯೋಚಿಸಿದ್ದೆನೇ ಹೊರತು, ಅರಿಸಿನ ಇಲ್ಲದ್ದು ಏನು ಹೇಳುತ್ತದೆ ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಪಿಯುಸಿ ಪಾಸಾದ ಮಂಡೆ ಇದು, ಥೂ.

ಆ ವರ್ಷ ಕೈಕಾಲು ಹಿಡಿದುಕೊಳ್ಳುವ ಜ್ವರ ಊರೂರಿಗೆ ಬಂದಿತ್ತು. ನಡೆಯುವವರೆಲ್ಲ ಬಗ್ಗಿಕೊಂಡೇ ನಡೆಯುತ್ತಿದ್ದರು. ದಿನಕ್ಕೆ ಎರಡು ಫ್ಲಾಸ್ಕು ರಕ್ತ ಬರುತ್ತಿತ್ತು. ನಾಗರಪಂಚಮಿ ಕಳೆದ ವಾರದಲ್ಲಿ ನಮ್ಮ ದೊಡ್ಡಮಾವ ಮಾದಪ್ಪ, ನನ್ನ ಗಂಡನ ದೊಡ್ಡಪ್ಪ, ತೀರಿಕೊಂಡರು. ಹನ್ನೊಂದು ದಿನ ಸೂತಕ. ರಜ ಕೇಳಿದೆ. ಅಮೃತೇಶ್ ಕೈ ಮುಗಿದುಬಿಟ್ಟರು. "ಈ ಜ್ವರದ ಕಾಲದಲ್ಲಿ ನೀನೂ ಬರದಿದ್ರೆ ಬಾಗಿಲು ಹಾಕಬೇಕಾಗುತ್ತೆ. ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲಮ್ಮ, ನಮಗೇನೂ ಮೈಲಿಗೆ ಆಗಲ್ಲ, ನೀನು ಬಾ" ಎಂದರು. ಅವರಿಗೆ ಸೂತಕ ಇಲ್ಲ, ಸರಿ. ನಮಗೆ ಇದೆಯಲ್ಲ. ಕೆಲಸಕ್ಕೆ ಬಂದೆ, ಟೈಪು ಮಾಡಿದೆ, ಕವರಿಗೆ ಹಾಕಿದೆ. ಅರಿಸಿನದ ಭರಣಿ ಮಾತ್ರ ಮುಟ್ಟಲಿಲ್ಲ. ಸೂತಕದ ಕೈಯಲ್ಲಿ ಅರಿಸಿನ ಹಚ್ಚಿ ಇನ್ನೊಬ್ಬರ ಮನೆಗೆ ಕಳಿಸುವುದುಂಟೇ? ಆ ಹನ್ನೊಂದು ದಿನ ಹೋದ ಕವರುಗಳೆಲ್ಲ ಬೋಳಾಗಿಯೇ ಹೋದವು. ಹನ್ನೆರಡನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದು ಮತ್ತೆ ಹಚ್ಚಲು ಶುರು ಮಾಡಿದೆ. ಯಾರೂ ಏನೂ ಕೇಳಲಿಲ್ಲ.

ತಿಂಗಳು ಕಳೆದಿರಬೇಕು, ಒಬ್ಬ ಹೆಂಗಸು ಬಂದಳು. ಮೂವತ್ತು ಮೂವತ್ತೆರಡು ವಯಸ್ಸು. ಕೈಯಲ್ಲಿ ನಮ್ಮದೇ ಕವರು, ಅದರ ಮೇಲೆ ಪ್ಲಾಸ್ಟಿಕ್ಕು ಸುತ್ತಿದ್ದಳು. ಹೆಸರು ಮುದ್ದಮ್ಮ. ನರಸೀಪುರದ ಆಚೆಯ ಆ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು.

"ಮೇಡಮ್ನೋರೆ, ಇದ್ರಲ್ಲಿ ಏನು ಬರ್ದದೆ, ವಸಿ ಗಟ್ಟಿಯಾಗಿ ಓದಿ" ಎಂದಳು.

ಓದಿದೆ. "ಏನೂ ಇಲ್ಲ ಕಣಮ್ಮ. ಜ್ವರಕ್ಕೆ ಮಾಡಿಸಿದ್ದಾರೆ. ಎಲ್ಲಾ ಸರಿಯಾಗಿದೆ."

"ಆ ಕಾಯ್ಲೆ?"

ಯಾವ ಕಾಯಿಲೆ ಅಂತ ಕೇಳಬೇಕಾಗಿರಲಿಲ್ಲ. ಆಗ ಏಡ್ಸ್ ಅನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಅದನ್ನೂ ನೋಡಿದ್ದಾರೆ. ಅದೂ ಇಲ್ಲ" ಎಂದೆ.

"ಇನ್ಯಾಕೆ ಬೆಟ್ಟಸ್ವಾಮಣ್ಣ ನಂಗೆ ಪುಕ್ಸಟ್ಟೆ ಟೀ ಕೊಟ್ಟ?"

ನಾನು ನಕ್ಕುಬಿಟ್ಟೆ. ಟೀ ಕೊಟ್ಟರೆ ಕಾಯಿಲೆ ಬರುತ್ತದೆಯೇ ಎಂದೆ. ಅವಳು ನಗಲಿಲ್ಲ. ಕೌಂಟರಿನ ಮುಂದೆ ನೆಲದ ಮೇಲೆಯೇ ಕೂತು ಹೇಳಿದಳು. ಬೆಟ್ಟಸ್ವಾಮಿ ಕೆಟ್ಟವನಲ್ಲ. ಅರಿಸಿನದ ಕವರು ತೆಗೆದುಕೊಂಡವರು ನಗುತ್ತಾ ಹೋಗುವುದನ್ನೂ, ಬೋಳು ಕವರು ತೆಗೆದುಕೊಂಡವರು ಡಾಕ್ಟರ ಹತ್ತಿರ ಹೋಗಿ ಅಳುತ್ತಾ ವಾಪಸ್ಸು ಬರುವುದನ್ನೂ ದಿನಾ ನೋಡುತ್ತಿದ್ದವನು. ಅವನ ಕರುಳು ಚುರುಕ್ಕೆಂದು, ಬೋಳು ಕವರಿನವರಿಗೆಲ್ಲ "ಕೂತ್ಕೊಂಡು ಒಂದು ಟೀ ಕುಡಿದು ಹೋಗಿ" ಅಂತ ಕಾಸಿಲ್ಲದೆ ಕೊಡುತ್ತಿದ್ದ. ಜನ ದಡ್ಡರೇ? ಬಸ್ಸಿಗೆ ಕಾಯುತ್ತಾ ಕೂತವರು ನಾಲ್ಕು ದಿನದಲ್ಲೇ ಲೆಕ್ಕ ಹಿಡಿದರು. ಬೆಟ್ಟಸ್ವಾಮಿ ಯಾರಿಗೆ ಪುಕ್ಕಟೆ ಟೀ ಕೊಟ್ಟ ಅನ್ನುವುದು ಸಂಜೆಯ ಬಸ್ಸಿನ ಜೊತೆ ಊರು ಸೇರುತ್ತಿತ್ತು. ಜ್ವರದ ಕಾಲದಲ್ಲಿ ಬೋಳು ಕವರು ಬಂದ ಮಿಕ್ಕವರನ್ನು ಜ್ವರ ಅಂತಲೇ ಬಿಟ್ಟರು. ಮುದ್ದಮ್ಮ ಲಾರಿ ಡ್ರೈವರನ ಹೆಂಡತಿ. ಗಂಡ ಸತ್ತದ್ದು ಹುಣಸೂರು ರಸ್ತೆಯಲ್ಲಿ ಲಾರಿ ಮಗುಚಿ. ಆದರೂ ಲಾರಿ ಡ್ರೈವರನ ಹೆಂಡತಿ ಅನ್ನುವುದೇ ಊರಿಗೆ ಸಾಕಾಯಿತು.

"ಮಕ್ಳು ಮನೆಯಿಂದ ಬುತ್ತಿ ತತ್ತಾವೆ. ನಾನು ಮಾಡಿದ ಅನ್ನ ತಿಪ್ಪೆಗೆ ಸುರೀತಾರೆ. ನನ್ ಮಗಳು ಗಾನವಿ ಐದ್ನೇ ಕ್ಲಾಸು, ಅವಳ ಪಕ್ಕ ಯಾರೂ ಕೂರಾಕಿಲ್ಲ. ಸೋಮ್ವಾರ ಸಾಲೇಲಿ ಮೀಟಿಂಗು. ನನ್ನ ತೆಗೆದು ಬ್ಯಾರೆಯೋರ್ನ ಆಕ್ತಾರಂತೆ. ಈ ಕೆಲ್ಸ ಓದ್ರೆ ನಾವಿಬ್ರೂ ಮಣ್ಣು ತಿನ್ಬೇಕು ಮೇಡಮ್ನೋರೆ."

ಕವರಿನ ಮೇಲಿನ ತಾರೀಖು ನೋಡಿದೆ. ಸೂತಕದ ಏಳನೆಯ ದಿನ.

ಅವಳನ್ನು ಕೂರಿಸಿ ಒಳಗೆ ಹೋದೆ. ಅಮೃತೇಶ್‌ಗೆ ಎಲ್ಲಾ ಹೇಳಿದೆ. "ಸಾರ್, ನಮ್ಮಿಂದ ಹಿಂಗಾಗಿದೆ ಅಂತ ಜನಕ್ಕೆ ಹೇಳಿಬಿಡೋಣ. ಬೆಟ್ಟಸ್ವಾಮಿ ಅಂಗಡೀಲಿ ಒಂದು ಕಾಗದ ಅಂಟಿಸೋಣ. ಆ ಹನ್ನೊಂದು ದಿನದ ಕವರಿಗೆ ಅರಿಸಿನ ಇಲ್ಲದ್ದಕ್ಕೆ ಕಾರಣ ಸೂತಕ, ಕಾಯಿಲೆಯಲ್ಲ ಅಂತ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮುಂದೆ?"

"ಮುಂದೆ ಏನು ಸಾರ್?"

"ಆ ಹನ್ನೊಂದು ದಿನಕ್ಕೆ ಕಾರಣ ಸೂತಕ ಅಂದ್ರೆ, ಮಿಕ್ಕ ಎರಡು ವರ್ಷದ್ದಕ್ಕೆ ಕಾರಣ ಕಾಯಿಲೆ ಅಂತ ನಾವೇ ಬರೆದು ಅಂಟಿಸಿದ ಹಾಗಲ್ವೇನಮ್ಮ? ಈಗ ಜನ ಬರೀ ಅನುಮಾನ ಪಡ್ತಾವ್ರೆ. ನಾಳೆ ಲ್ಯಾಬೇ ಹೇಳಿದೆ ಅಂತಾರೆ. ಎಷ್ಟು ಮನೆ ಹಾಳಾಗುತ್ತೆ ಗೊತ್ತಾ?"

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನ್ನ ಸಿಟ್ಟು ಹೆಚ್ಚಿಸಿದ್ದು. ಇನ್ನೊಂದು ವಿಷಯವನ್ನು ಅವರು ಹೇಳಲಿಲ್ಲ. ಮೈಸೂರಿನ ಒಂದು ದೊಡ್ಡ ಕಂಪನಿ ನಮ್ಮ ಲ್ಯಾಬನ್ನು ಬ್ರಾಂಚು ಮಾಡಿಕೊಳ್ಳುವ ಮಾತುಕತೆ ನಡೆಸಿತ್ತು. ಇಂಥ ಸುದ್ದಿ ಹೊರಗೆ ಬಿದ್ದರೆ ಅವರು ಈ ಕಡೆ ತಿರುಗಿ ನೋಡುತ್ತಿದ್ದರೇ?

"ಹಾಗಾದ್ರೆ ಬೋಳು ಕವರು ಹೋದ ಒಬ್ಬೊಬ್ಬರನ್ನೇ ಕರೆದು ಗುಟ್ಟಾಗಿ ಹೇಳೋಣ ಸಾರ್. ನಿಮ್ಮ ವಿಷಯ ಹೀಗೆ ಹೊರಗೆ ಹೋಗಿರಬಹುದು, ಹುಷಾರು ಅಂತ."

"ಹೇಳಿ? ಅವರೇನು ಮಾಡ್ತಾರೆ? ಬಂದು ನಮ್ಮ ಗಾಜು ಒಡೀತಾರೆ. ಗೊತ್ತಿಲ್ಲದವನು ನೆಮ್ಮದಿಯಾಗವ್ನೆ, ಬಿಡಮ್ಮ. ಇವತ್ತಿಂದ ಅರಿಸಿನ ನಿಲ್ಲಿಸಿಬಿಡು. ಈಯಮ್ಮನಿಗೆ ಮಾತ್ರ ಹೊಸ ರಿಪೋರ್ಟು ತೆಗೆದು, ಚೆನ್ನಾಗಿ ಅರಿಸಿನ ಬಳಿದು ಕಳಿಸು. ಅಲ್ಲಿಗೆ ಸರಿಹೋಗುತ್ತೆ."

ಸರಿಹೋಗಲಿಲ್ಲ. ಹೊಸ ಕವರನ್ನು ಬಸ್ಸಿನಲ್ಲಿ ಕಳಿಸಿದೆ. ಬೆಟ್ಟಸ್ವಾಮಿ ಎಲ್ಲರಿಗೂ ಕಾಣುವ ಹಾಗೆ ನೇತುಹಾಕಿದ. ಶನಿವಾರ ಮುದ್ದಮ್ಮ ನರಸೀಪುರದಿಂದ ಫೋನು ಮಾಡಿದಳು. "ನಂಜನಗೂಡಿಗೆ ಓಗಿ ದುಡ್ಡು ಕೊಟ್ಟು ಬರ್ಸ್ಕೊಂಡು ಬಂದವ್ಳೆ ಅಂತಾವ್ರೆ ಮೇಡಮ್ನೋರೆ. ಆಗ ಬೋಳು ಕವರು, ಈಗ ಅರ್ಸ್ನದ ಕವರಾ ಅಂತಾವ್ರೆ." ಊರ ಬಾಯಿಗೆ ಬೀಗ ಹಾಕುವವರು ಯಾರು? ನಾನು ಎರಡು ದಿನ ಅನ್ನ ಸರಿಯಾಗಿ ತಿನ್ನಲಿಲ್ಲ. ಸೋಮವಾರ ಹೊಟ್ಟೆನೋವು ಅಂತ ಲ್ಯಾಬಿಗೆ ಹೇಳಿ ಕಳಿಸಿ, ನರಸೀಪುರದ ಬಸ್ಸು ಹತ್ತಿದೆ.

ನರಸೀಪುರದಲ್ಲಿ ಇಳಿದು ಮೊದಲು ಬೆಟ್ಟಸ್ವಾಮಿಯ ಮುಂದೆ ನಿಂತೆ. ಬಯ್ಯಬೇಕು ಅಂತಲೇ ಹೋದದ್ದು. ಅವನು ನಾನು ಯಾರೆಂದು ತಿಳಿದ ಕೂಡಲೇ ಲೋಟ ತೊಳೆಯುವುದನ್ನು ಬಿಟ್ಟು ಹೊರಗೆ ಬಂದ.

"ನಾನು ಒಬ್ಬರ್ಗೂ ಒಂದು ಮಾತು ಯೋಳಿಲ್ಲ ಕಣವ್ವ. ನನ್ ತಾಯಾಣೆ. ಪಾಪ ಅನ್ನಿಸ್ತು, ಟೀ ಕೊಟ್ಟೆ ಅಷ್ಟೆಯ."

ಏನು ಬಯ್ಯಲಿ? ನಾನೂ ಪಾಪ ಅನ್ನಿಸಿಯೇ ಅರಿಸಿನ ಹಚ್ಚಿದವಳು.

ಶಾಲೆಯ ಜಗಲಿಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ನಂಜೇಶ್ ಕುರ್ಚಿಯಲ್ಲಿ, ಮೇಷ್ಟರು ಪಕ್ಕದಲ್ಲಿ, ಹೆಂಗಸರು ಕಂಬದ ಕಡೆ. ಮುದ್ದಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಸುತ್ತ ನಾಲ್ಕು ಮಾರು ಜಾಗ ಖಾಲಿ. ಪಕ್ಕದಲ್ಲಿ ಒಬ್ಬಳೇ ಒಬ್ಬಳು ಇದ್ದಳು. ಹೆಗಲ ಮೇಲೆ ಮೂರು ತಿಂಗಳ ಕೂಸು, ಸಹಾಯಕ್ಕೆ ಇದ್ದ ಅಡುಗೆಯವಳು ಮಹದೇವಮ್ಮ. ನಾನು ಹೋದಾಗ ಅವಳೇ ಜೋರಾಗಿ ಮಾತಾಡುತ್ತಿದ್ದಳು. "ಅವಳು ಮಾಡಿದ್ದ ನಾನು ದಿನಾ ತಿಂತೀನಿ, ನಂಗೇನಾಗದೆ? ಅವಳ್ನ ತೆಗೆದ್ರೆ ನಾನೂ ಸೌಟು ಮುಟ್ಟಾಕಿಲ್ಲ."

ಆ ಹೆಸರು, ಆ ಊರು ಕೇಳಿದ ಕೂಡಲೇ ನನಗೆ ನೆನಪಾಗಬೇಕಿತ್ತು. ಆಗಲಿಲ್ಲ. ನನ್ನ ತಲೆಯಲ್ಲಿ ಮುದ್ದಮ್ಮನನ್ನು ಉಳಿಸುವುದೊಂದೇ ಇತ್ತು.

"ನಾನು ಲ್ಯಾಬಿನವಳು. ಒಂದು ಮಾತು ಹೇಳೋಕ್ಕೆ ಬಂದಿದೀನಿ" ಎಂದೆ. ಕೂರಿಸಿದರು, ನೀರು ಕೊಟ್ಟರು. ಹೇಳಿದೆ. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಹಚ್ಚುತ್ತಿದ್ದೆ ಎಂದೆ. ದೊಡ್ಡಮಾವ ಹೋದರು, ಹನ್ನೊಂದು ದಿನ ಅರಿಸಿನ ಮುಟ್ಟಲಿಲ್ಲ, ಮುದ್ದಮ್ಮನ ಕವರು ಬಂದದ್ದು ಏಳನೆಯ ದಿನ ಎಂದೆ. ಅವಳಿಗೆ ಏನೂ ಇಲ್ಲ, ಇದ್ದರೆ ನನ್ನ ನಾಲಿಗೆ ಬಿದ್ದು ಹೋಗಲಿ ಎಂದೆ.

ನಂಬಿದರು! ಲ್ಯಾಬಿನ ಮೊಹರು ನಂಬದ ಜನ, ಸೂತಕ ಅಂದ ಕೂಡಲೇ ನಂಬಿದರು. ಕಂಬಕ್ಕೆ ಒರಗಿದ್ದ ಚಿಕ್ಕಮಾದಮ್ಮ ಅನ್ನುವ ಅಜ್ಜಿ ಗದರಿದಳು. "ಅಲ್ವಾ ಮತ್ತೆ! ಸೂತಕದ ಕೈನಾಗೆ ಅರ್ಸ್ನ ಮುಟ್ಟಾಕಾದ್ದಾ? ಬುದ್ಧಿ ಬ್ಯಾಡ್ವಾ ನಿಮ್ಗೆ? ಬಡ್ಡೆತ್ತವಾ, ಒಂದು ಎಣ್ಣಿನ ಅನ್ನ ಕಳೀತಿದ್ರಲ್ಲ." ಗಂಡಸರು ತಲೆ ತಗ್ಗಿಸಿದರು. ನಂಜೇಶ್ ಮೇಷ್ಟರ ಕಡೆ ನೋಡಿ, "ಹಂಗಾರೆ ಮುದ್ದಮ್ಮ ನಾಳೆಯಿಂದ ಮಾಡ್ಲಿ ಬುಡಿ ಸಾ" ಎಂದ. ಮುದ್ದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಎರಡು ನಿಮಿಷ ನಾನು ಬಹಳ ಒಳ್ಳೆಯವಳಾಗಿದ್ದೆ.

ಆಗ ಮಹದೇವಮ್ಮ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು ಮುಂದೆ ಬಂದಳು. ಅವಳ ಮುಖ ಅರಳಿತ್ತು. ಅಂಥ ಮುಖವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

"ಅವ್ವಾ, ಹಂಗಾರೆ ನಂದೂ ಸೂತಕದ್ದೇಯಾ?"

ನಾನು ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು.

"ನಂಗೂ ಬೋಳು ಕವರೇ ಬಂದಿದ್ದು. ಟೀ ಕೊಟ್ಟ, ಕುಡ್ದೆ. ಬಸ್ಸಿನಾಗೆ ನಮ್ಮೂರೋರು ಯಾರೂ ಇರ್ಲಿಲ್ಲ, ಯಾರ್ಗೂ ಗೊತ್ತಾಗ್ಲಿಲ್ಲ. ಭಯಕ್ಕೆ ಬಿಚ್ಚಲೇ ಇಲ್ಲ ಕಣವ್ವ, ದೇವರ ಪಟದ ಇಂದೆ ಮಡಗಿವ್ನಿ. ಹೆರಿಗೆಗೆ ತೌರಿಗೆ ಓದೋಳು ಆ ಡಾಕ್ಟರ್ ತಾವೂ ಓಗ್ಲಿಲ್ಲ. ಇವಳ್ಗೂ ಬೋಳು ಬಂತಲ್ಲ, ನಾವಿಬ್ರೂ ಒಂದೇ ಅನ್ಕೊಂಡು ಇವಳ ಜೊತೆ ನಿಂತ್ಕೊಂಡೆ. ಈಗ ನೀವು ಬಂದು ಸೂತಕ ಅಂದ್ರಲ್ಲ, ನಂಗೆ ಜೀವ ಬಂತು. ಯುಗಾದಿ ಆದ್ಮೇಲೆ ಒಂದು ವಾರಕ್ಕೆ ಬಂದಿದ್ದು ನಂದು. ಆಗ್ಲೂ ನಿಮ್ಮನೇಲಿ ಯಾರೋ ಓಗಿದ್ರು, ಅಲ್ವಾ?"

ಅಯ್ಯೋ ಶಿವನೇ. ಆಗ ನೆನಪಾಯಿತು. ಆ ಕಾಯಿಲೆ ಇದೆ ಅನ್ನುವ ರಿಪೋರ್ಟು ನಾನು ಟೈಪು ಮಾಡಿದ್ದು ಎರಡು ವರ್ಷದಲ್ಲಿ ಒಂಬತ್ತು. ಒಂಬತ್ತು ಹೆಸರೂ ನನಗೆ ಬಾಯಿಪಾಠ. ಮಹದೇವಮ್ಮ, ಇಪ್ಪತ್ತಮೂರು ವಯಸ್ಸು, ಏಳು ತಿಂಗಳ ಬಸುರಿ. ಟೈಪು ಮಾಡಿ ಆ ದಿನ ಮನೆಗೆ ಹೋಗಿ ನಾನು ನನ್ನ ಗಂಡನ ಹತ್ತಿರವೂ ಮಾತಾಡಿರಲಿಲ್ಲ.

ಹೂಂ ಅಂದಿದ್ದರೆ ಆಗುತ್ತಿತ್ತು. ಹೌದು ಕಣಮ್ಮ, ಆಗಲೂ ಸೂತಕ, ನಮ್ಮ ಅಜ್ಜಿ ಹೋಗಿದ್ದರು ಅಂದಿದ್ದರೆ ಅವಳು ನಗುತ್ತಾ ಹೋಗಿ ಸೌಟು ಹಿಡಿಯುತ್ತಿದ್ದಳು. ಆಮೇಲೆ ಒಬ್ಬಳನ್ನೇ ಕರೆದು ಹೇಳಬಹುದಿತ್ತು. ಇದೆಲ್ಲಾ ನನಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸ್ಸು ಬರುವಾಗ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಲ್ಲಿ, ನಲವತ್ತು ಜನರ ಮುಂದೆ, ನನ್ನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಚಿಕ್ಕಮಾದಮ್ಮ "ಯೋಳವ್ವ, ಊಂ ಅನ್ನು" ಎಂದಳು. ನಾನು ಮಹದೇವಮ್ಮನನ್ನು ನೋಡದೆ ಅವಳ ಕೂಸನ್ನು ನೋಡಿದೆ. ಎಲ್ಲರೂ ನಾನು ನೋಡಿದ್ದನ್ನು ನೋಡಿದರು.

ಕಂಬದ ಕಡೆಯ ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಯಾರೂ ಬಯ್ಯಲಿಲ್ಲ, ಕೂಗಲಿಲ್ಲ. ಮಹದೇವಮ್ಮ ಹಿಂದಕ್ಕೆ ತಿರುಗಿ ಮುದ್ದಮ್ಮನ ಕಡೆ ಕೈ ಚಾಚಿದಳು. ಮುದ್ದಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಬೇಕಂತಲೇ ಸರಿದಳೋ, ಮೈ ತಾನಾಗಿಯೇ ಸರಿಯಿತೋ, ಅವಳನ್ನು ನಾನು ಕೇಳಿಲ್ಲ. ಅವಳಿಗೂ ಒಬ್ಬಳು ಮಗಳಿದ್ದಾಳೆ.

ನಂಜೇಶ್ ಕುರ್ಚಿಯಿಂದ ಎದ್ದ. "ಮೀಟಿಂಗು ಮುಗೀತು" ಎಂದ. ಮೇಷ್ಟರು ಪುಸ್ತಕ ಮುಚ್ಚಿದರು.

ಮಹದೇವಮ್ಮ ಶಾಲೆಯ ಹಿಂದಿನ ಬೋರಿನ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳ ಗಂಡ ಶುಂಠಿ ಕೆಲಸಕ್ಕೆ ಕೇರಳಕ್ಕೆ ಹೋಗಿದ್ದನಂತೆ, ಬರುವುದು ದೀಪಾವಳಿಗೆ. ನನಗೆ ತಿಳಿದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಇದಕ್ಕೆ ಮಾತ್ರೆ ಕೊಡುತ್ತಾರೆ, ಕಾಸು ತೆಗೆದುಕೊಳ್ಳುವುದಿಲ್ಲ, ನಾನೇ ಜೊತೆಗೆ ಬರುತ್ತೇನೆ, ಕೂಸಿಗೂ ಪರೀಕ್ಷೆ ಮಾಡಿಸೋಣ ಎಂದೆ.

"ಕೂಸಿಗಾ?" ಎಂದಳು. "ಕೂಸಿಗೆ ಯಾಕೆ?"

ಇದನ್ನು ಮಾತ್ರ ನಾನು ಹೇಳಲೇಬೇಕಿತ್ತು. ಬಸುರಿನಲ್ಲಿ ಬರಬಹುದು, ಎದೆಹಾಲಿನಿಂದಲೂ ಬರಬಹುದು ಎಂದೆ. ಬರಲೇಬೇಕು ಅಂತೇನಿಲ್ಲ ಅಂತಲೂ ಸೇರಿಸಿದೆ.

ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಬಹಳ ಮೆಲ್ಲಗೆ ಕೇಳಿದಳು. "ನಂಗೆ ಓದಾಕೆ ಬರಾಕಿಲ್ಲ. ನಿಮ್ಗೆ ಬತ್ತದಲ್ಲ. ಯುಗಾದೀಲೇ ನಿಮ್ಗೆ ಗೊತ್ತಿತ್ತಲ್ಲ. ಒಂದು ಮಾತು ಯೋಳಿ ಕಳ್ಸಬಾರ್ದಾಗಿತ್ತಾ ಅವ್ವ? ಇದ್ಕೆ ಎದೆಹಾಲ್ನಾರ ಕೊಡ್ತಿರ್ಲಿಲ್ಲ."

ಕವರಿನಲ್ಲಿ ಬರೆದು ಕಳಿಸಿದ್ದೆವಲ್ಲ ಎನ್ನಬಹುದಿತ್ತು. ಎನ್ನಲಿಲ್ಲ, ಅಷ್ಟು ನಾಚಿಕೆ ನನಗಿತ್ತು.

ಅಷ್ಟರಲ್ಲಿ ಕೂಸು ಎದ್ದು ಅಳಲು ಶುರು ಮಾಡಿತು. ಅಭ್ಯಾಸಬಲದಿಂದ ಅವಳ ಕೈ ಕುಪ್ಪಸದ ಗುಂಡಿಗೆ ಹೋಯಿತು, ಅಲ್ಲೇ ನಿಂತಿತು. ಕೂಸು ಅವಳ ಎದೆಯನ್ನು ಬಾಯಿಂದ ತಡಕುತ್ತಾ ಇನ್ನೂ ಜೋರಾಗಿ ಅತ್ತಿತು. ಅವಳು ಅದನ್ನು ತೊಡೆಯ ಮೇಲೆ ಮಲಗಿಸಿ ತಟ್ಟಿದಳು. ನಾನು ಎದ್ದು ಓಡಿದೆ. ಹತ್ತಿರದ ಎರಡು ಮನೆಯ ಬಾಗಿಲು ತಟ್ಟಿ ಒಂದು ಲೋಟ ಹಾಲು ಕೇಳಿದೆ. ಎರಡೂ ಮನೆಯವರು ಹಾಲು ಡೈರಿಗೆ ಹೋಯಿತು ಎಂದರು. ಕೊಟ್ಟಿಗೆಯಲ್ಲಿ ಹಸು ಕಟ್ಟಿತ್ತು.

ಬರಿಗೈಯಲ್ಲಿ ವಾಪಸ್ಸು ಬಂದೆ. ಕೂಸು ಅತ್ತು ಅತ್ತು ಮುಖ ಕೆಂಪಾಗಿತ್ತು. ಮಹದೇವಮ್ಮ ನನ್ನ ಖಾಲಿ ಕೈಯನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಕೂತು, ಗುಂಡಿ ಬಿಚ್ಚಿ, ಕೂಸನ್ನು ಎದೆಗೆ ಹಾಕಿಕೊಂಡಳು.